ಸಣ್ಣಯ್ಯನವರ ನ್ಯಾಷನಲ್ ಪರ್ಮಿಟ್ ಹಕ್ಕಿಗಳು

ನಮ್ಮ ಮಾವ ಸಣ್ಣಯ್ಯನವರು ಸೇಲಂ ಬಳಿಯ ಶಂಕಗಿರಿಯ ಲಾರಿಗಳಲ್ಲಿ ಇಪ್ಪತ್ತೆಂಟು ವರ್ಷ ಸ್ಟೇರಿಂಗ್ ಹಿಡಿದವರು. ಸೇಲಂನ ಸಬ್ಬಕ್ಕಿ ಮೂಟೆಗಳನ್ನು ಕಲ್ಕತ್ತಕ್ಕೂ ಇಂದೋರಿಗೂ ಮುಟ್ಟಿಸಿ, ಅಲ್ಲಿ ಸಿಕ್ಕಿದ ಲೋಡು ಹೇರಿಕೊಂಡು ಇನ್ನೂ ಮೇಲಕ್ಕೆ ಪಂಜಾಬು, ಜಮ್ಮುವಿನವರೆಗೂ ಹೋಗಿ, ಎರಡು ತಿಂಗಳಿಗೊಮ್ಮೆ ಮನೆಯ ಮುಖ ನೋಡುತ್ತಿದ್ದವರು. ಅವರ ಜೊತೆಯವರಲ್ಲಿ ಕೆಲವರು ಸ್ವಂತ ಲಾರಿ ಮಾಡಿದರು, ಕೆಲವರು ಬುಕಿಂಗ್ ಆಫೀಸು ತೆರೆದರು. ಮಾವ ಮಾತ್ರ 1989ರಲ್ಲಿ ಬೀಗದ ಕೈಯನ್ನು ಓನರ್ ಮುಂದಿಟ್ಟು, ನಲ್ಲಂಪಳ್ಳಿಯಿಂದ ನಾಲ್ಕು ಮೈಲಿ ಒಳಗಿರುವ ಊರಿಗೆ ವಾಪಸು ಬಂದು, ಕೆರೆಯ ಮಗ್ಗುಲಲ್ಲಿದ್ದ ತಮ್ಮ ಎರಡೂವರೆ ಎಕರೆಯಲ್ಲಿ ಒಂದೇ ಕೋಣೆಯ ಮನೆ ಹಾಕಿಕೊಂಡು ಹಕ್ಕಿ ನೋಡುತ್ತ ಕುಳಿತರು. ಹೊಲದ ನಡುವೆ ಹೀಗೆ ಒಂಟಿಯಾಗಿ ಕಟ್ಟಿಕೊಳ್ಳುವ ಮನೆಗೆ ಈ ಕಡೆ ಕೊಟ್ಟಾಯಿ ಎನ್ನುತ್ತಾರೆ.

ಅತ್ತೆ ವೆಂಕಟಲಕ್ಷ್ಮಮ್ಮನವರು ಊರೊಳಗಿನ ಮನೆಯಲ್ಲೇ ಹಿರಿಮಗನ ಜೊತೆ ಉಳಿದರು. ಜನ್ಮವೆಲ್ಲ ಜಮ್ಮುವಿನಲ್ಲಿದ್ದ ಗಂಡ ಈಗ ಕೆರೆಯವರೆಗಾದರೂ ಬಂದಿದ್ದಾರಲ್ಲ, ಅಷ್ಟೇ ಸಾಕು ಎಂದು ಅವರು ನಗುತ್ತಿದ್ದರು. ಊರಿನವರ ನಗು ಬೇರೆ ಥರದ್ದು. ಸಣ್ಣಯ್ಯ ಕೊಕ್ಕರೆ ಮೇಯಿಸುತ್ತಿದ್ದಾನೆ, ಸಾಯಂಕಾಲ ಹಾಲು ಕರೆಯುತ್ತಾನಂತೆ ಎಂದು ಟೀ ಅಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನಗೂ ಈ ಮಾತು ಕೇಳಿ ನಾಚಿಕೆಯಾಗುತ್ತಿತ್ತು. ಈಗ ಅವರ ಬಗ್ಗೆ ಬರೆಯಲು ಕೂತಿರುವವಳೂ ನಾನೇ.

ನಾನು ಆ ಕೊಟ್ಟಾಯಿಗೆ ಹೋದದ್ದು ಹಕ್ಕಿಗಾಗಿ ಅಲ್ಲ, ಮಗಳಿಗಾಗಿ. ಸೇಲಂನ ಶೆವ್ವಾಪೇಟೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಗೋಡೆಗೇ ಅಂಟಿಕೊಂಡು ಬೆಳ್ಳಿ ಕಾಲುಚೈನು ಮಾಡುವ ಪಟ್ಟರೆ, ಅಂದರೆ ಕೆಲಸದ ಶೆಡ್ಡು, ಇತ್ತು. ಚೈನನ್ನು ಬೆಳ್ಳಗೆ ಮಾಡಲು ಅವರು ಆಸಿಡ್ಡಿನಲ್ಲಿ ಅದ್ದುವಾಗ ಬರುವ ಘಾಟು ನಮ್ಮ ಅಡುಗೆಮನೆಗೇ ಇಳಿಯುತ್ತಿತ್ತು. ಹನ್ನೊಂದು ತಿಂಗಳ ವಾಣಿಗೆ ಎದೆಯಲ್ಲಿ ಸಿಳ್ಳೆ ಹೊಡೆದಂತೆ ಉಸಿರು ಶುರುವಾಯಿತು. ಚಳಿಗಾಲ ಮುಗಿಯುವವರೆಗೆ ಎಲ್ಲಾದರೂ ಬಯಲಿನಲ್ಲಿಡಿ ಎಂದು ಡಾಕ್ಟರು ಹೇಳಿದರು. ಊರ ಮನೆಯ ಪಕ್ಕ ರಾಗಿ ಮಿಲ್ಲು, ದಿನವಿಡೀ ದೂಳು. ಉಳಿದದ್ದು ಮಾವನ ಕೊಟ್ಟಾಯಿ. ನನ್ನ ಗಂಡ ಮುನಿರಾಜ್‌ಗೆ ಸ್ಟೀಲ್ ಪ್ಲಾಂಟಿನಲ್ಲಿ ಶಿಫ್ಟು. ವಾರಕ್ಕೊಮ್ಮೆ ಬರುತ್ತೇನೆ ಎಂದು ನಮ್ಮನ್ನು 1996ರ ನವೆಂಬರಿನಲ್ಲಿ ಅಲ್ಲಿ ಇಳಿಸಿ, ಅದೇ ಟೌನ್ ಬಸ್ಸಿನಲ್ಲಿ ಹೊರಟುಬಿಟ್ಟರು.

ನಾನು ಬೆಂಗಳೂರಿನಲ್ಲಿ ಓದಿ ಬೆಳೆದವಳು. ನನ್ನ ಚೀಲದಲ್ಲಿ ಥರ್ಮಾಮೀಟರೇ ಎರಡಿದ್ದವು, ಒಂದು ಒಡೆದರೆ ಇನ್ನೊಂದಿರಲಿ ಎಂದು. ಹಾವು ಬಂದರೆ? ಚೇಳು ಬಂದರೆ? ಮಗುವಿಗೆ ಉಸಿರು ಕಟ್ಟಿದರೆ ನಲ್ಲಂಪಳ್ಳಿಗೆ ಹೇಗೆ ಹೋಗುವುದು, ಕಡೇ ಬಸ್ಸು ಎಷ್ಟು ಹೊತ್ತಿಗೆ? ಮೊದಲ ರಾತ್ರಿ ಅತ್ತೆ ನನ್ನ ಜೊತೆಗೆಂದು ಬಂದು ಮಲಗಿ ಗೊರಕೆ ಹೊಡೆದರು, ನಾನು ಕಣ್ಣು ಮುಚ್ಚಲಿಲ್ಲ. ಬೆಳಗಿನ ಜಾವ ಹೊರಗೆ ಒಂದು ಹಕ್ಕಿ ಯಾರನ್ನೋ ಬೈಯುವಂತೆ ಕಿರುಚುತ್ತ ಮನೆಯ ಸುತ್ತ ತಿರುಗತೊಡಗಿತು. ಮಗುವನ್ನು ಎದೆಗವಚಿಕೊಂಡು ಎದ್ದು ಕೂತೆ. ಜಗಲಿಯ ಮೇಲೆ ಮಲಗಿದ್ದ ಮಾವ ಅಲ್ಲಿಂದಲೇ ಹೇಳಿದರು.

"ಅದು ಚೆಕ್‌ಪೋಸ್ಟು ಅಮ್ಮಣ್ಣಿ. ಆಳಾಗ್ಲಿ, ನರಿಯಾಗ್ಲಿ, ಹಾವೇ ಆಗ್ಲಿ, ಅದಕ್ಕೆ ತಿಳೀದಂಗೆ ಯಾವ್ದೂ ಒಳಿಕ್ಕೆ ಬರಕಿಲ್ಲ. ನೀ ಮಲಿಕ್ಕ."

ಅದು ಟಿಟ್ಟಿಭ ಎಂದು ಬೆಳಕಾದ ಮೇಲೆ ತೋರಿಸಿದರು. ಉದ್ದ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ. ಇಲ್ಲಿನವರು ಅದನ್ನು ಆಳ್‌ಕಾಟಿ ಎನ್ನುತ್ತಾರೆ, ಆಳು ಬಂದರೆ ತೋರಿಸಿಕೊಡುವುದರಿಂದ. ನಿಜ ಹೇಳಬೇಕೆಂದರೆ, ಅವತ್ತಿನಿಂದ ನನಗೆ ನಿದ್ದೆ ಬಂತು. ಡಾಕ್ಟರ ಮಾತಿಗಿಂತ ಆ ಹಕ್ಕಿಯ ಮೇಲೆ ನನಗೆ ಹೆಚ್ಚು ನಂಬಿಕೆ ಹುಟ್ಟಿತು.

ಮಾವನ ಹತ್ತಿರ ಹಕ್ಕಿಗಳ ಲೆಕ್ಕಕ್ಕೆ ಏಳು ನೋಟು ಪುಸ್ತಕಗಳಿದ್ದವು, ಎಂಟನೆಯದು ನಡೆಯುತ್ತಿತ್ತು. ಲಾರಿ ಡ್ರೈವರು ದಾರಿಯಲ್ಲಿ ತುಂಬುತ್ತ ಹೋಗುವ ಟ್ರಿಪ್ ಶೀಟಿನಂತೆಯೇ ಗೀಟು ಹಾಕಿ, ಶಾಲೆಯಲ್ಲಿ ಕಲಿತ ತಮಿಳು ಅಕ್ಷರದಲ್ಲಿ ಬರೆದಿದ್ದರು. ತಾರೀಕು, ಬಂದ ಹೊತ್ತು, ಹೋದ ಹೊತ್ತು, ಎಷ್ಟು ವಂಡಿ, ಯಾವ ಕಡೆಯಿಂದ, ಏನು ಲೋಡು. ವಂಡಿ ಎಂದರೆ ತಮಿಳಿನಲ್ಲಿ ಗಾಡಿ, ಇಲ್ಲಿ ಹಕ್ಕಿ, ಲೋಡು ಎಂದರೆ ಅದು ತಿಂದದ್ದು. ವರ್ಷವಿಡೀ ಇಲ್ಲೇ ಇರುವ ಮೈನಾ, ಕಾಜಾಣ, ಹಾಲಕ್ಕಿಗಳೆಲ್ಲ ಲೋಕಲ್ ವಂಡಿ. ಮಳೆ ನೋಡಿಕೊಂಡು ಹತ್ತಿರದ ಕೆರೆಗಳಿಂದ ಬರುವ ಕೊಕ್ಕರೆಗಳು ಸ್ಟೇಟ್ ಪರ್ಮಿಟ್. ಎಮ್ಮೆಯ ಬೆನ್ನ ಮೇಲೆ ನಿಂತು ಹೋಗುವ ಬೆಳ್ಳಕ್ಕಿ ಕ್ಲೀನರ್. ಚಳಿಗಾಲದಲ್ಲಿ ಎಷ್ಟೋ ರಾಜ್ಯ ದಾಟಿ, ಬಾಲ ಕುಣಿಸಿಕೊಂಡು ಬರುವ ಸಿಪಿಲೆಯಂಥವು ಮಾತ್ರ ನ್ಯಾಷನಲ್ ಪರ್ಮಿಟ್. ಅವುಗಳ ಹೆಸರು ಬರೆದಾಗ ಮಾವ ಕೆಳಗೆ ಗೀಟು ಎಳೆಯುತ್ತಿದ್ದರು.

ಅವರಿಗೆ ದೂರದ ಕಣ್ಣು ಹದ್ದಿನದು, ಹತ್ತಿರದ್ದು ಮಸುಕು. ಹಾಗಾಗಿ ನಾನು ಬಂದ ಮೇಲೆ ಬರೆಯುವ ಕೆಲಸ ನನಗೆ ಬಿತ್ತು. ನಾನು ಕನ್ನಡದಲ್ಲಿ ಬರೆಯುತ್ತಿದ್ದೆ, ಅವರಿಗೆ ಕನ್ನಡ ಓದಲು ಬಾರದು. ಸಾಯಂಕಾಲ ಬರೆದದ್ದನ್ನೆಲ್ಲ ಓದಿಸಿ ಕೇಳುತ್ತಿದ್ದರು. ಒಂದು ದಿನ ಹನ್ನೆರಡು ಎಂದದ್ದನ್ನು ನಾನು ಸುಮ್ಮನೆ ಹತ್ತು ಹನ್ನೆರಡು ಎಂದು ಬರೆದಿದ್ದೆ. ಅರ್ಧ ಗಂಟೆ ಪಾಠವಾಯಿತು. ಲೋಡು ಹತ್ತು ಹನ್ನೆರಡು ಟನ್ನು ಅಂದರೆ ಯಾವ ಚೆಕ್‌ಪೋಸ್ಟಿನಲ್ಲಿ ಬಿಡುತ್ತಾರೆ ಎಂದು ಕೇಳಿದರು.

ಅವರ ಬೇಸಾಯ ಮಾತ್ರ ನನಗೆ ಅರ್ಥವಾಗಲಿಲ್ಲ. ಮೇಲಿನ ಒಂದೂವರೆ ಎಕರೆಯಲ್ಲಿ ಅವರೆ, ತೊಗರಿ ಚೆನ್ನಾಗಿಯೇ ಇದ್ದವು. ಕೆರೆಗೆ ತಗುಲಿಕೊಂಡ ಕೆಳಗಿನ ಒಂದು ಎಕರೆಗೆ, ಬೇರೆ ಯಾರೂ ಇನ್ನೂ ಹಾಕದ ಹೊತ್ತಿನಲ್ಲಿ, ರಾಗಿಯನ್ನು ಕೈತುಂಬ ಚೆಲ್ಲಿ ದಟ್ಟವಾಗಿ ಬಿತ್ತಿದ್ದರು. ಡಿಸೆಂಬರ್ ಮುಗಿಯುತ್ತ ಬಂದರೂ ಅದು ಗೇಣಿನ ಮೇಲೆ ಏಳಲಿಲ್ಲ. ಬೆಳಿಗ್ಗೆ ನೋಡಿದರೆ ಯಾರೋ ಮೇಯಿಸಿಕೊಂಡು ಹೋದ ಹಾಗೆ ತುದಿಯೆಲ್ಲ ಮೊಂಡು. ಮಾವ ಬಾವಿಯಿಂದ ಮತ್ತೆ ನೀರು ಕಟ್ಟುವರು, ಖಾಲಿ ಬಿದ್ದಲ್ಲಿ ಮತ್ತೆ ಚೆಲ್ಲುವರು. ಮೇಯಿಸಿದವರನ್ನು ಬೈಯುತ್ತಲೂ ಇರಲಿಲ್ಲ.

ಕಳ್ಳರನ್ನು ನಾನೇ ಹಿಡಿದೆ ಎಂದುಕೊಂಡೆ. ಕೆರೆಯಂಗಳದಲ್ಲಿ ಆಡು ಮೇಯಿಸುತ್ತಿದ್ದ ಚೆಲ್ಲಮ್ಮನನ್ನು ತಡೆದು, ಪಾಪದ ಮುದುಕರು ಎಂದು ಹೀಗೆ ಮಾಡಬಹುದೇ ಎಂದು ಕೇಳಿಬಿಟ್ಟೆ. ಚೆಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನನ್ನ ಆಡು ಬಾಯಾಕಿದ್ರೆ ಬೇರೂ ಉಳಿಯಕಿಲ್ಲ ಕಣಮ್ಮ. ಇದು ಕತ್ರಿ ಇಟ್ಟಂಗೈತೆ. ಆಡು ಕಂಡಿದ್ಯೋ ಇಲ್ವೋ, ನಿಮ್ ಬೆಂಗ್ಳೂರಾಗೆ?"

ಮಾವ ಅವಳನ್ನು ಜಗಲಿಗೆ ಕರೆದು ಕಾಫಿ ಕೊಡಿಸಿದರು. ನನಗೆ, ಬಿಡು ಎಂದಷ್ಟೇ ಹೇಳಿದರು.

ಇದಕ್ಕೆ ಕೆಲವು ದಿನ ಮೊದಲು, ಡಿಸೆಂಬರ್ ಎರಡನೆಯ ವಾರ, ಕೆರೆಗೆ ದೊಡ್ಡ ಹಕ್ಕಿಗಳು ಬಂದಿದ್ದವು. ಬೆಳಿಗ್ಗೆ ವಾಣಿಗೆ ಗಂಜಿ ಕುಡಿಸುತ್ತಿದ್ದೆ. ಆಕಾಶದಲ್ಲಿ ಎಲ್ಲೋ ಹಳೆಯ ಹಾರ್ನು ಒತ್ತಿದ ಹಾಗೆ ಆಂಗ್, ಆಂಗ್ ಎಂದು ಕೇಳಿತು. ಮಾವ ಬಾವಿಯ ಹತ್ತಿರವಿದ್ದವರು ಕೊಡ ಅಲ್ಲೇ ಬಿಟ್ಟು ಕೆರೆಯ ಏರಿಗೆ ಓಡಿದರು. ನಾನು ಮಗುವನ್ನೆತ್ತಿಕೊಂಡು ಹೋಗುವಷ್ಟರಲ್ಲಿ ಅವು ನೀರಿಗೆ ಇಳಿದಾಗಿತ್ತು. ಬೂದು ಮೈಯ ದೊಡ್ಡ ಬಾತುಗಳು. ಬಿಳಿ ತಲೆ, ಹಿಂದಲೆಯಲ್ಲಿ ಎರಡು ಕಪ್ಪು ಪಟ್ಟೆ. ಮಾವ ಬೆರಳು ಮಡಚದೆ, ತುಟಿ ಮಾತ್ರ ಅಲ್ಲಾಡಿಸಿ ಎಣಿಸಿದರು. ನಲವತ್ತೊಂದು. ಇನ್ನೊಮ್ಮೆ ಎಣಿಸಿ, ಬರ್ಕೊ ಎಂದರು. ಪಂಜಾಬ್ ಬಾತು, ನಲವತ್ತೊಂದು ವಂಡಿ.

ಅವತ್ತು ಅವರು ಹೇಳಿದ ಕತೆಯನ್ನು ಮನೆಯವರಾರೂ ಮೊದಲು ಕೇಳಿರಲಿಲ್ಲ. 1978ರ ಫೆಬ್ರವರಿಯಲ್ಲಿ ಪಠಾಣ್‌ಕೋಟ್ ದಾಟಿದ ಮೇಲೆ ಇವರ ಲಾರಿಯ ಆಕ್ಸೆಲ್ ಮುರಿಯಿತಂತೆ. ಕ್ಲೀನರು ಸಾಮಾನು ತರಲು ಜಲಂಧರಿಗೆ ಹೋದವನು ಹನ್ನೊಂದು ದಿನ ಬರಲಿಲ್ಲ. ನದಿಯ ಬಯಲು, ಕೊರೆಯುವ ಚಳಿ, ಕೈಯಲ್ಲಿದ್ದದ್ದು ಎರಡೇ ದಿನಕ್ಕೆ ಮುಗಿಯಿತು. ಹತ್ತಿರದ ಡಾಬಾದ ಮುದುಕ ಹನ್ನೊಂದು ದಿನವೂ ಕರೆದು ರೊಟ್ಟಿ, ದಾಲು ಹಾಕಿದ. ಆ ಮುದುಕನ ಪಂಜಾಬಿ ಇವರಿಗೆ ತಿಳಿಯದು. ಹಗಲೆಲ್ಲ ಮಾತಿಲ್ಲದೆ ಕೂತು ನೋಡಿದ್ದು ಈ ಬಾತುಗಳನ್ನೇ. ಕೆಲಸ ಬಿಟ್ಟು ಊರಿಗೆ ಬಂದ ವರ್ಷ ಇದೇ ಕೆರೆಯಲ್ಲಿ ಅವು ಹದಿನಾಲ್ಕು ಇಳಿದಿದ್ದನ್ನು ಕಂಡು, ತಮ್ಮನ್ನು ವಿಚಾರಿಸಿಕೊಂಡು ಯಾರೋ ಬಂದ ಹಾಗಾಯಿತಂತೆ. ಅಂದಿನಿಂದಲೇ ನೋಟು ಪುಸ್ತಕ.

ಪೊಂಗಲಿಗೆ ಇನ್ನು ಹತ್ತು ದಿನವಿದೆ ಎನ್ನುವಾಗ ಪಳನಿಯಪ್ಪನ್ ಬಂದ. ಕೆರೆಯ ಮೀನನ್ನು ಆ ವರ್ಷ ಪಂಚಾಯತಿಯಿಂದ ಗುತ್ತಿಗೆ ಹಿಡಿದವನು ಅವನು. ಕೆಟ್ಟವನೇನಲ್ಲ, ಮಾವನನ್ನು ಕಂಡರೆ ಮಡಚಿ ಕಟ್ಟಿದ ಲುಂಗಿಯನ್ನು ಮರ್ಯಾದೆಗೆ ಇಳಿಸಿ ಮಾತಾಡುತ್ತಿದ್ದ. ಆದರೆ ಮೀನುಮರಿ ಬಿಟ್ಟಿದ್ದ ನೀರಿನ ಮೇಲೆ ಇಷ್ಟಿಷ್ಟು ದೊಡ್ಡ ಹಕ್ಕಿಗಳು ಹಗಲೆಲ್ಲ ಕೂತಿರುವುದನ್ನು ನೋಡಿ ಅವನ ಹೊಟ್ಟೆ ಉರಿಯಿತು. ಮಾರನೆಯ ದಿನ ಏರಿಯ ಮೇಲೆ ನಿಂತು ಒಂದು ಸರ ಪಟಾಕಿ ಹಚ್ಚಿದ. ಬಾತುಗಳು ಎದ್ದು, ಕೂಗುತ್ತ ಮೂರು ಸುತ್ತು ಹಾಕಿ ಕಣ್ಮರೆಯಾದವು. ವಾಣಿ ಬೆಚ್ಚಿಬಿದ್ದು ಅತ್ತೂ ಅತ್ತೂ ಅವಳ ಎದೆ ಮತ್ತೆ ಸಿಳ್ಳೆ ಹೊಡೆಯಿತು. ನಾನು ಹಬೆ ಕೊಡುತ್ತ ಕೂತಿದ್ದರೆ, ಮಾವ ಏರಿಯ ಮೇಲೆ ಬಿಸಿಲಲ್ಲಿ ನಿಂತೇ ಇದ್ದರು. ಮಧ್ಯಾಹ್ನದ ಮೇಲೆ ಅವು ತಿರುಗಿ ಬಂದವು. ನಲವತ್ತೊಂದು.

ಪಳನಿಯಪ್ಪನ್ ಹೇಳಿ ಹೋದದ್ದಿಷ್ಟು. ಕೆರೆ ಎಲ್ಲರದು, ಹಾಗಾಗಿ ಭಾನುವಾರ ಊರವರನ್ನು ಕೂಡಿಸಿ ಕೇಳುತ್ತೇನೆ. ಅವರು ಹೂಂ ಅಂದರೆ ಸೋಮವಾರದಿಂದ ಹೊತ್ತುಹೊತ್ತಿಗೆ ಪಟಾಕಿ, ಹಕ್ಕಿಗಳು ಇನ್ನೊಂದು ಸಲ ಇತ್ತ ತಿರುಗಿ ನೋಡಬಾರದು. ಮಾವ, ಅವು ಮೀನು ತಿನ್ನುವುದಿಲ್ಲ, ಹುಲ್ಲು ತಿನ್ನುವ ಜಾತಿ ಎಂದರು. ಅಷ್ಟು ದೊಡ್ಡ ಮೈ ಹುಲ್ಲಿನಿಂದ ಬರುತ್ತದೆಯೇ ಅಣ್ಣೇ ಎಂದು ಅವನು ನಕ್ಕ. ಎಮ್ಮೆಯ ಮೈ ಯಾವುದರಿಂದ ಬಂತು ಎಂದು ಮಾವ ಕೇಳಲಿಲ್ಲ. ನಾನಾಗಿದ್ದರೆ ಕೇಳುತ್ತಿದ್ದೆ.

ಆ ವಾರ ಮಾವ ಸರಿಯಾಗಿ ಉಣ್ಣಲಿಲ್ಲ. ಇಪ್ಪತ್ತೆಂಟು ವರ್ಷ ದೇಶ ಸುತ್ತಿದವರು ಈ ಒಂದು ಕೆರೆಯನ್ನು ನೆಚ್ಚಿಕೊಂಡು ಕೂತಿದ್ದರು, ಆ ಕೆರೆಗೆ ಅವು ಬರದೇ ಹೋದರೆ ಅವರಿಗೆ ಏನುಳಿಯುತ್ತದೆ ಎಂದು ನನಗೆ ಹೊಸ ಚಿಂತೆ ಹತ್ತಿತು. ಚಿಂತೆ ಮಾಡುವುದರಲ್ಲಿ ನಾನು ಗಟ್ಟಿ. ಆದರೆ ಈ ಸಲ ಚಿಂತೆಯಿಂದ ಒಂದು ಉಪಾಯವೂ ಹೊಳೆಯಿತು. ಬಾತುಗಳು ಕೂರುವ ಏರಿಯ ಬದಿಯಲ್ಲಿ ಅವುಗಳ ಹಿಕ್ಕೆ ಬಿದ್ದಿರುತ್ತಿತ್ತು, ಬೆರಳುದ್ದ, ಒಣಗಿದ್ದು. ಮುರಿದು ನೋಡಿದರೆ ಬರೀ ಹಸಿರು ನಾರು. ನೀರುಕಾಗೆಗಳು ಕೂರುವ ಜಾಲಿಮರದ ಕೆಳಗೆ ಮಾತ್ರ ಮೀನಿನ ಮುಳ್ಳು. ಬೇರೆ ಹೊತ್ತಾಗಿದ್ದರೆ ಅದನ್ನು ಮುಟ್ಟಿದ ಕೈಯನ್ನು ಡೆಟ್ಟಾಲಿನಲ್ಲಿ ನೆನೆಹಾಕುತ್ತಿದ್ದೆ. ಈಗ ವಾಣಿಯ ಹಾಲಿನ ಪುಡಿಯ ಡಬ್ಬಿಯ ತುಂಬ ಹಿಕ್ಕೆ ತುಂಬಿಸಿಕೊಂಡು ಬಂದು ಮಾವನ ಮುಂದಿಟ್ಟೆ. ಇದನ್ನು ಊರವರ ಮುಂದೆ ಮುರಿದು ತೋರಿಸಿ ಎಂದೆ.

ಮಾವ ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಬ್ಯಾಡ ಅಮ್ಮಣ್ಣಿ," ಎಂದರು. "ಕೇಳ್ದೆ ಇದ್ದೋರ್ ಮುಂದೆ ಲೋಡ್ ಬಿಚ್ಚಿ ತೋರಿಸ್ಬಾರ್ದು."

ಸಭೆಗೆ ಅಂಜುತ್ತಿದ್ದಾರೆ ಎಂದುಕೊಂಡೆ. ಅವರು ಯಾವುದಕ್ಕೆ ಅಂಜುತ್ತಿದ್ದಾರೆ ಎಂದು ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಟೀ ಅಂಗಡಿಯ ಮುಂದಿನ ಹುಣಸೆಮರದ ಕೆಳಗೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ವಾಣಿಯನ್ನು ಅತ್ತೆಯ ಕೈಗೆ ಕೊಟ್ಟು, ಸೆರಗಿನಡಿ ಡಬ್ಬಿ ಇಟ್ಟುಕೊಂಡು ನಾನೂ ಹೋದೆ. ಪಳನಿಯಪ್ಪನ್ ತನ್ನ ಕಷ್ಟ ಹೇಳಿಕೊಂಡ. ಮಾವ ಹೇಳಿದ್ದನ್ನೇ ಹೇಳಿದರು, ಜನ ಹೇಳಿದ್ದನ್ನೇ ನಕ್ಕರು. ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ ಡಬ್ಬಿ ತೆಗೆದು, ಬಾತಿನ ಹಿಕ್ಕೆಯನ್ನೂ ಜಾಲಿಮರದ ಕೆಳಗೆ ಆಯ್ದಿದ್ದ ಮೀನಿನ ಮುಳ್ಳನ್ನೂ ಬೆಂಚಿನ ಮೇಲಿಟ್ಟು ಒಂದೊಂದೇ ಮುರಿದೆ. ಮೊದಲು ಎಲ್ಲರೂ ಮೂಗು ಮುಚ್ಚಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಮಗೂಗೆ ಕಲಸೋ ಡಬ್ಬಿ ಯಾವುದಮ್ಮ, ಇದೇನಾ ಎಂದು ಯಾರೋ ಕೇಳಿದ್ದಕ್ಕೆ ದೊಡ್ಡ ನಗೆ ಎದ್ದಿತು. ಪಳನಿಯಪ್ಪನ್ ತಾನೇ ಬಾತಿನ ಹಿಕ್ಕೆ ಎರಡು ಮುರಿದು ನೋಡಿ, ಮೀನಿನ ಮುಳ್ಳೊಂದೂ ಸಿಗದೆ, ಸರಿ ಎಂದು ತಲೆಯಾಡಿಸಿದ. ಗೆದ್ದೆ ಎಂದುಕೊಂಡೆ.

ಆಗ ಮಾರಿಯಪ್ಪ ಎದ್ದು ಬಂದ. ಕೆರೆಯ ಆಚೆ ದಡದಲ್ಲಿ ಬಾವಿ ನೀರಿನಲ್ಲಿ ರಾಗಿ ಪೈರು ಹಾಕಿದ್ದ ರೈತ. ಒಂದು ಹಿಕ್ಕೆ ತೆಗೆದು ಅಂಗೈಯಲ್ಲಿ ಉಜ್ಜಿ, ಮೂಸಿ, ಇನ್ನೊಮ್ಮೆ ಉಜ್ಜಿದ.

"ಇದು ಹುಲ್ಲಲ್ಲ. ಎಳೇ ರಾಗಿ. ಯಾರ ಹೊಲದ್ದು?"

ಎಲ್ಲರೂ ಅವನ ಅಂಗೈ ನೋಡಲು ಬಗ್ಗಿದರು. ಮೀನಿನ ಗುತ್ತಿಗೆ ಒಬ್ಬ ಪಳನಿಯಪ್ಪನದು. ರಾಗಿ ಎಲ್ಲರದೂ. ಮಾವ ಯಾಕೆ ಬೇಡ ಎಂದಿದ್ದರು ಎಂದು ನನಗೆ ಆಗ ಹೊಳೆಯಿತು. ಮಾರಿಯಪ್ಪ ದನಿ ಏರಿಸಿದ. ಮೀನು ತಿಂದರೆ ಒಬ್ಬನಿಗೆ ನಷ್ಟ, ಪೈರು ಮೇಯ್ದರೆ ಊರಿಗೇ ನಷ್ಟ, ಪಟಾಕಿ ತಾನೇ ತರುತ್ತೇನೆ ಎಂದ. ಹಿಂದೆ ಕೂತಿದ್ದವರೂ ಹೌದೆಂದರು.

ಮಾವ ಎದ್ದು ನಿಂತರು.

"ನಂದು," ಎಂದರು. "ಆ ರಾಗಿ ನನ್ ಹೊಲದ್ದು. ನಾನೇ ಆಕಿರದು, ಅವಕ್ಕೇ ಆಕಿರದು. ಏಳು ವರ್ಸದಿಂದ ಆಕ್ತಾ ಇವ್ನಿ."

"ಹಕ್ಕಿಗೆ ರಾಗಿ ಬಿತ್ತದಾ? ತಲೆ ಎಂಗೈತೆ ಅಣ್ಣ ನಿಂಗೆ?" ಎಂದ ಮಾರಿಯಪ್ಪ.

"ಎರಡು ಸಾವ್ರ ಮೈಲಿ ಓಡ್ಕಂಡ್ ಬಂದೋನು ನಿಂತ ಕಡೆ ಉಣ್ಬೇಕಲ್ಲಪ್ಪ. ಆ ಕಡೆ ನಂಗೂ ಯಾರೋ ಇಕ್ಕಿದ್ರು. ಅಲ್ಲೇ ಓಗಿ ತೀರ್ಸಕಾಗಲ್ಲ, ಇಲ್ಲಿಗ್ ಬಂದೋರ್ಗೆ ಇಕ್ತೀನಿ. ನಿನ್ ಹೊಲಕ್ಕೆ ಒಂದು ಕಾಲಿಟ್ಟಿದ್ರೆ ತೋರ್ಸು, ಪಟಾಕಿ ನಾನೇ ಅಚ್ತೀನಿ."

ಮಾರಿಯಪ್ಪ ಬಾಯಿಮಾತಿಗೆ ಒಪ್ಪುವವನಲ್ಲ. ನಾಳೆ ಬೆಳಗಿನ ಜಾವ ಬಂದು ಕಣ್ಣಾರೆ ನೋಡುತ್ತೇನೆ, ಅಲ್ಲಿಯವರೆಗೆ ಪಟಾಕಿ ಇಲ್ಲ ಎಂದ. ದಾರಿಯುದ್ದಕ್ಕೂ ಮಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ತಪ್ಪಾಯಿತು ಮಾವ ಎಂದೆ. ನೀ ಸುಳ್ಳು ಹೇಳಲಿಲ್ಲವಲ್ಲ ಎಂದರು, ಅಷ್ಟೇ.

ಸೋಮವಾರ ಇನ್ನೂ ಮಬ್ಬಿರುವಾಗಲೇ ಮಾರಿಯಪ್ಪ, ಪಳನಿಯಪ್ಪನ್, ಇನ್ನೂ ನಾಲ್ಕು ಜನ ಕಂಬಳಿ ಹೊದ್ದು ಬಂದರು. ಚೆಕ್‌ಪೋಸ್ಟು ಕೂಗಿಕೊಂಡಿತು. ಮಾವ ಅವರನ್ನು ತೊಗರಿ ಸಾಲಿನ ಹಿಂದೆ ಕೂರಿಸಿ, ಕೆಮ್ಮಬೇಡಿ ಎಂದರು. ಮಗು ನಿದ್ದೆಯಲ್ಲಿತ್ತು, ಅತ್ತೆ ಪಕ್ಕದಲ್ಲಿದ್ದರು, ನಾನೂ ಹೋಗಿ ಕೂತೆ. ಬೆಳಕು ಹರಿಯುತ್ತಿದ್ದಂತೆ ಕೆಳಗಿನ ಎಕರೆಯಲ್ಲಿ ಬೂದು ಕಲ್ಲುಗಳಂತೆ ಕಂಡದ್ದೆಲ್ಲ ಅಲ್ಲಾಡತೊಡಗಿತು. ತಲೆ ತಗ್ಗಿಸಿ, ಸಾಲಾಗಿ ಮುಂದೆ ಸರಿಯುತ್ತ, ಚರ್ ಚರ್ ಎಂದು ರಾಗಿ ಕತ್ತರಿಸುತ್ತಿದ್ದವು. ಎರಡು ಮಾತ್ರ ಕತ್ತೆತ್ತಿ ಕಾವಲು ನಿಂತಿದ್ದವು. ಅವು ತಲೆ ತಗ್ಗಿಸಿದರೆ ಬೇರೆ ಎರಡು ಕತ್ತೆತ್ತುವವು. ಪಳನಿಯಪ್ಪನ್ ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದುದನ್ನು ನಾನು ನೋಡಿದೆ. ಬಿಸಿಲು ಆಚೆ ದಡದ ತೆಂಗಿನ ತುದಿಗೆ ಬೀಳುತ್ತಲೇ ಎಲ್ಲವೂ ಒಟ್ಟಿಗೆ ಎದ್ದು, ನಮ್ಮ ತಲೆಯ ಮೇಲೇ ರೆಕ್ಕೆ ಬಡಿದುಕೊಂಡು ಕೆರೆಗೆ ಹೋಗಿ ಇಳಿದವು.

ಆಮೇಲೆ ಮಾರಿಯಪ್ಪ ತನ್ನ ಹೊಲಕ್ಕೂ, ಅಕ್ಕಪಕ್ಕದ ನಾಲ್ಕು ಹೊಲಕ್ಕೂ ಹೋಗಿ ಬಗ್ಗಿ ಬಗ್ಗಿ ನೋಡಿ ಬಂದ. ಜಾಲಪಾದದ ಒಂದು ಗುರುತೂ ಇಲ್ಲ, ಒಂದು ಹಿಕ್ಕೆಯೂ ಇಲ್ಲ. ನೀರಿಗೆ ಹತ್ತಿರ, ಸುತ್ತ ಮರವಿಲ್ಲ, ನಾಯಿ ಇಲ್ಲ, ದಿನಾ ಚಿಗುರು. ಇಂಥ ಡಾಬಾ ಬಿಟ್ಟು ಯಾವ ಡ್ರೈವರು ಮುಂದೆ ಹೋಗುತ್ತಾನೆ ಎಂದು ಮಾವ ಕೇಳಿದರು. ಅಷ್ಟು ದಿನದಲ್ಲಿ ಮೊದಲ ಸಲ ಅವರ ಹಲ್ಲು ಕಂಡಿತು. ಮಾರಿಯಪ್ಪ ಕಂಬಳಿ ಕೊಡವಿಕೊಂಡು, ಗದ್ದಲ ಮಾಡಿದ್ದಕ್ಕೆ ಕ್ಷಮೆಯನ್ನೇನೂ ಕೇಳದೆ, ನಿನ್ನ ಬೀಜ ಚೆನ್ನಾಗಿಲ್ಲ, ನಮ್ಮ ಮನೆಯಿಂದ ಕಳಿಸುತ್ತೇನೆ ಎಂದು ಹೇಳಿ ಹೋದ. ನಾನು ಚೆಲ್ಲಮ್ಮನನ್ನು ಹುಡುಕಿಕೊಂಡು ಕೆರೆಯಂಗಳಕ್ಕೆ ಹೋಗಿ, ಆಡುಗಳ ವಿಷಯದಲ್ಲಿ ತಪ್ಪಾಯಿತು ಎಂದೆ. ಆಡಿಗೂ ಒಂದು ಮಾತು ಹೇಳಿ ಹೋಗು ಎಂದಳು.

ಸುದ್ದಿ ಹೇಗೋ ಸೇಲಂನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವ ಗೋವಿಂದರಾಜು ಎಂಬ ಮೇಷ್ಟರಿಗೆ ಮುಟ್ಟಿತು. ಜನವರಿ ಕೊನೆಯಲ್ಲಿ ದುರ್ಬೀನು, ಅಚ್ಚಾದ ಫಾರಂ ಹಿಡಿದುಕೊಂಡು ಬಂದರು. ಪಟ್ಟೆತಲೆ ಹೆಬ್ಬಾತು ಎಂಬ ಹೆಸರು ನಾನು ಕೇಳಿದ್ದು ಅವರಿಂದಲೇ. ಹಿಮಾಲಯದ ಆಚೆಯಿಂದ ಬರುವ ಹಕ್ಕಿ ಎಂದರು. ಕೆರೆ ನೋಡಿ, ನಲವತ್ತಮೂರು ಎಂದು ಬರೆದು, ಮಾವನಿಗೆ ಸಾಕ್ಷಿ ಸಹಿ ಹಾಕಲು ಪೆನ್ನು ಕೊಟ್ಟರು. ಮಾವ ಪೆನ್ನು ತೆಗೆದುಕೊಳ್ಳಲಿಲ್ಲ. ನಲವತ್ತೊಂದೇ ಸಾರ್, ಓವರ್‌ಲೋಡಿಗೆ ನಾನು ಸಹಿ ಹಾಕಿದವನಲ್ಲ ಎಂದರು. ನನಗೆ ಮತ್ತೆ ಚಿಂತೆ. ಕಾಲೇಜಿನವರು, ಮುನಿಸಿಕೊಂಡು ಹೋದರೆ ಏನು ಗತಿ? ಮೇಷ್ಟರು ಮತ್ತೆ ದುರ್ಬೀನು ಏರಿಸಿ ಬಹಳ ಹೊತ್ತು ನೋಡಿದರು. ಬಾತುಗಳ ನಡುವೆ ತಲೆ ಹುದುಗಿಸಿ ಮಲಗಿದ್ದ ಎರಡು, ಬೇರೆ ಜಾತಿಯ ಕಂದು ಬಾತುಗಳಾಗಿದ್ದವು. ನಲವತ್ತಮೂರನ್ನು ಹೊಡೆದು ನಲವತ್ತೊಂದು ಎಂದು ತಿದ್ದಿದರು. ಆಮೇಲೆ ಜಗಲಿಯ ಮೇಲೆ ಕೂತು ಎಂಟೂ ನೋಟು ಪುಸ್ತಕಗಳನ್ನು ಸಾಯಂಕಾಲದವರೆಗೆ ತಿರುವಿದರು. ಎರಡು ಬಸ್ಸು ಬಿಟ್ಟರು. ಹೊರಡುವಾಗ ನಮ್ಮ ಮಾವನಿಗೆ ಎದ್ದು ನಿಂತು ಕೈಮುಗಿದರು. ಅದನ್ನು ನಾನು ನೋಡಿದೆ, ಬೇಲಿಯಾಚೆ ಆಡು ಹೊಡೆದುಕೊಂಡು ಹೋಗುತ್ತಿದ್ದ ಚೆಲ್ಲಮ್ಮನೂ ನೋಡಿದಳು. ಇಂಥದ್ದನ್ನು ಊರಿಗೆಲ್ಲ ಸಾರಲು ಅವಳೊಬ್ಬಳು ಸಾಕು.

ಮಾರ್ಚಿ ಮೊದಲ ವಾರಕ್ಕೆ ಬಾತುಗಳಿಗೆ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ ಶುರುವಾಯಿತು. ಎದ್ದು ಒಂದು ಸುತ್ತು ಹೊಡೆಯುವವು, ಮತ್ತೆ ಇಳಿಯುವವು. ಎಂಜಿನ್ ಬಿಸಿ ಮಾಡಿಕೊಳ್ಳುತ್ತಿವೆ, ಇವತ್ತೋ ನಾಳೆಯೋ ಎಂದು ಮಾವ ಹೇಳಿದರು. ಅದೇ ಹೊತ್ತಿಗೆ ಮಾರಿಯಪ್ಪನ ಮಗಳ ಮದುವೆ. ಗಂಡಿನವರು ಬಂದಿಳಿಯುವಾಗ ಪಟಾಕಿ ಸಿಡಿಸದಿದ್ದರೆ ಈ ಕಡೆ ಮರ್ಯಾದೆಯಲ್ಲ. ಅವನ ಮನೆಯ ಮುಂದೆ, ಕೆರೆಗೆ ಎದುರಾಗಿಯೇ, ಬೇವಿನ ಮರದಿಂದ ನೆಲದವರೆಗೆ ಸರಪಟಾಕಿ ಇಳಿಬಿಟ್ಟಿದ್ದರು. ನಾನು ಹಿಂದಿನ ಸಂಜೆಯಿಂದಲೇ ಮಗುವಿನ ಕಿವಿಗೆ ಹತ್ತಿ ಸಿದ್ಧ ಮಾಡಿಕೊಂಡಿದ್ದೆ. ಇಷ್ಟು ದಿನ ಕಾಪಾಡಿ, ಕೊನೆಯ ದಿನ ಓಡಿಸಿದ ಹಾಗಾಗುತ್ತದಲ್ಲ ಎಂದು ಮಾವನಿಗಿಂತ ನಾನೇ ಹೆಚ್ಚು ಕೊರಗಿದೆ. ಮದುವೆ ಮನೆಗೆ ಹೋಗಿ ಬೇಡ ಎನ್ನುವುದಾದರೂ ಹೇಗೆ? ಮಾವನೂ ಹೋಗಲಿಲ್ಲ.

ಬೆಳಿಗ್ಗೆ ಎಂಟರ ಹೊತ್ತಿಗೆ ಗಂಡಿನವರ ಎರಡು ವ್ಯಾನು ಬಂದು ನಿಂತವು. ಓಲಗ ಶುರುವಾಯಿತು. ಪಟಾಕಿ ಮಾತ್ರ ಸಿಡಿಯಲಿಲ್ಲ. ನಾವು ಕೆರೆಯ ಏರಿಯ ಮೇಲಿದ್ದೆವು. ಪಳನಿಯಪ್ಪನ್ ಹೊಸ ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಆಚೆ ದಡದಿಂದ ಓಡಿ ಬಂದ. ಮಾರಿಯಪ್ಪ ಹೇಳಿ ಕಳಿಸಿದ್ದ.

"ಅಣ್ಣೇ, ನಿಮ್ಮ ವಂಡಿ ಒರಟ್ರೆ ಟವಲ್ ಬೀಸಿ ತೋರ್ಸ್‌ಬೇಕಂತೆ. ಆಮೇಲೇನೇ ಅಚ್ಚದು. ಗಂಡಿನೋರು ಕಾಯ್ಲಿ ಅಂದವ್ರೆ."

ಗಂಡಿನವರು ಕಾದರು, ಅರ್ಧ ಗಂಟೆಯ ಮೇಲೆ. ಓಲಗದವರು ಬಾರಿಸಿದ್ದನ್ನೇ ಬಾರಿಸಿದರು. ಆಮೇಲೆ ನೀರಿನ ಮೇಲೆ ಎಲ್ಲ ಕತ್ತುಗಳೂ ಒಮ್ಮೆಲೇ ನೆಟ್ಟಗಾದವು. ಎದ್ದವು. ಕೆರೆಯ ಮೇಲೆ ಒಂದು ಸುತ್ತು, ಮದುವೆ ಮನೆಯ ಚಪ್ಪರದ ಮೇಲೆ ಇನ್ನೊಂದು ಸುತ್ತು ಹೊಡೆದು, ಅಂಕುಡೊಂಕಾದ ಗೀಟೊಂದು ಆಕಾಶದಲ್ಲಿ ಮೂಡಿ, ಬಡಗಕ್ಕೆ ತಿರುಗಿತು. ಚಪ್ಪರದಡಿ ಇದ್ದವರೆಲ್ಲ ಹೊರಗೆ ಬಂದು ಕತ್ತೆತ್ತಿ ನಿಂತಿದ್ದರು. ಮಾವ ಎಣಿಸಿದರು. ವಾಣಿಯನ್ನು ಸೊಂಟದಲ್ಲಿಟ್ಟುಕೊಂಡು ನಾನೂ ಎಣಿಸಿದೆ. ನಲವತ್ತೊಂದಕ್ಕೆ ನಲವತ್ತೊಂದು.

ಗೀಟು ಕಣ್ಣಿಗೆ ಮಸುಕಾಗುವವರೆಗೆ ಮಾವ ಅಲ್ಲಾಡಲಿಲ್ಲ. ಆಮೇಲೆ ಹೆಗಲ ಮೇಲಿನ ಟವಲ್ ತೆಗೆದು, ಕೈ ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟೆತ್ತರಕ್ಕೆ ಎತ್ತಿ ಬೀಸಿದರು. ಆಚೆ ದಡದಲ್ಲಿ ಸರಪಟಾಕಿ ಸಿಡಿಯಿತು.